ಬೈಂಡರ್ ಭಾವನ ಬಿಟ್ಟುಹೋದ ಪುಟಗಳು

ದೊಡ್ಡ ದೊಡ್ಡ ವಿಚಾರಗಳನ್ನು ನಾನು ಕೇಳಿದಷ್ಟು ಈ ಊರಲ್ಲಿ ಇನ್ಯಾರೂ ಕೇಳಿರಲಾರರು. ಇಪ್ಪತ್ತೆರಡು ವರ್ಷದಿಂದ ಸಭಾಂಗಣದ ಉಸ್ತುವಾರಿ ನನ್ನದು. ಕುರ್ಚಿ ಹಾಕುವವಳು ನಾನು, ಮೈಕು ತಟ್ಟಿ ನೋಡುವವಳು ನಾನು, ಭಾಷಣಕಾರರ ಮುಂದೆ ನೀರಿನ ಲೋಟ ಇಡುವವಳು ನಾನು, ಕೊನೆಗೆ ದೀಪ ಆರಿಸಿ ಬೀಗ ಜಡಿಯುವವಳೂ ನಾನೇ. ವಿಶ್ವ ಹೇಗೆ ಹುಟ್ಟಿತು, ಮನುಷ್ಯ ಎತ್ತ ಹೊರಟಿದ್ದಾನೆ, ಸಂಸ್ಕೃತಿ ಎಂದರೇನು, ಸತ್ಯಕ್ಕೆ ಎಷ್ಟು ಮುಖ, ಎಲ್ಲವನ್ನೂ ಸ್ವಿಚ್ ಬೋರ್ಡಿನ ಪಕ್ಕ ನಿಂತು ಕೇಳಿದ್ದೇನೆ. ಹೇಳುವುದಕ್ಕೆ ಏನೂ ಇಲ್ಲದವನು ನೀರು ಜಾಸ್ತಿ ಕುಡಿಯುತ್ತಾನೆ ಎನ್ನುವುದನ್ನು ಬಿಟ್ಟರೆ ನಾನು ಅಲ್ಲಿ ಕಲಿತದ್ದು ಅಷ್ಟಕ್ಕಷ್ಟೆ. ಕೆಲವು ಸಂಜೆ ಮೂರು ಸಲ ಲೋಟ ತುಂಬಿದ್ದೇನೆ.

ಆದರೆ ಇದು ಆ ಮಹನೀಯರ ಕಥೆಯಲ್ಲ. ತಮ್ಮ ಕಥೆ ಹೇಳಿಕೊಳ್ಳಲು ಅವರಿಗೆ ನನ್ನ ಸಹಾಯ ಬೇಕಾಗಿಲ್ಲ. ಇದು ನನ್ನ ಅಕ್ಕನ ಗಂಡನ ಕಥೆ. ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುವ ಮನುಷ್ಯ. ಹುಟ್ಟಿನಿಂದ ಕಿವಿ ಕೇಳಿಸದು. ನನ್ನ ಅಕ್ಕನಿಗೂ ಹಾಗೆಯೇ ಇತ್ತು. ಅಕ್ಕನ ಜೊತೆ ಬೆಳೆದ ನನಗೆ ಬಾಯಿಮಾತಿಗಿಂತ ಮೊದಲು ಕೈಮಾತೇ ಬಂದಿತ್ತು. ಈ ವಿಷಯ ನೆನಪಿಟ್ಟುಕೊಳ್ಳಿ. ನಾನು ಮಾಡಿದ ಪಾಪಕ್ಕೆ ಇದೇ ಬೇರು.

ಭಾವ ಓದಿದ್ದು ಕಿವುಡ ಮಕ್ಕಳಿಗೆ ಮಾತು ಕಲಿಸುತ್ತೇವೆ ಎಂದು ಹೇಳಿಕೊಳ್ಳುತ್ತಿದ್ದ ಒಂದು ಶಾಲೆಯಲ್ಲಿ. ಅಲ್ಲಿ ಕೈ ಆಡಿಸುವುದು ಅಪರಾಧ. ಸನ್ನೆ ಮಾಡಬಾರದೆಂದು ಮಕ್ಕಳನ್ನು ಅವರವರ ಅಂಗೈಗಳ ಮೇಲೆಯೇ ಕೂರಿಸುತ್ತಿದ್ದರು. ತುಟಿ ನೋಡಿ ಕಲಿಯಿರಿ ಎಂದು ಹೇಳಿ, ಮೇಷ್ಟ್ರು ಹಲಗೆಯ ಕಡೆ ತಿರುಗಿ ಪಾಠ ಮಾಡುತ್ತಿದ್ದರಂತೆ. ಎಂಥ ಬುದ್ಧಿವಂತರು ನೋಡಿ! ಭಾವ ಎಂಟು ವರ್ಷ ಮೇಷ್ಟ್ರ ಬೆನ್ನು ನೋಡಿದರು. ನಿಧಾನವಾಗಿ ಓದುವುದು, ಬರೆಯುವುದು ಬಂತು. ಭೂಮಿ, ಸೂರ್ಯ, ರಾಜರು, ಕ್ರಾಂತಿ, ಯಾವುದೂ ಬರಲಿಲ್ಲ. ಅವೆಲ್ಲ ಆ ಬೆನ್ನಿನ ಆಚೆ ಕಡೆ ಉಳಿದವು.

ಹದಿನೇಳಕ್ಕೆ ಪ್ರೆಸ್ಸು ಸೇರಿದರು. ಯಂತ್ರಗಳ ಸದ್ದಿನಲ್ಲಿ ಹತ್ತು ವರ್ಷ ದುಡಿದವರೆಲ್ಲ ಅರ್ಧ ಕಿವುಡರಾಗಿಯೇ ಹೊರಬರುವ ಜಾಗ ಅದು. ಭಾವ ಆ ಕೆಲಸವನ್ನು ಮೊದಲೇ ಮುಗಿಸಿಕೊಂಡು ಬಂದಿದ್ದರು. ದೊಡ್ಡ ಹಾಳೆಯ ಎರಡೂ ಬದಿ ಅಚ್ಚಾಗಿ ಬಂದಮೇಲೆ ಮಡಚಿ ಮಡಚಿ ಹದಿನಾರು ಪುಟ ಮಾಡುತ್ತಾರೆ. ಅದಕ್ಕೆ ಒಂದು ಫಾರಂ ಎನ್ನುತ್ತಾರೆ. ಫಾರಂಗಳನ್ನು ಸರದಿಯಂತೆ ಜೋಡಿಸಬೇಕು, ಹೊಲಿಯಬೇಕು, ಬೆನ್ನಿಗೆ ಅಂಟು ಹಚ್ಚಬೇಕು, ರಟ್ಟು ಕೂರಿಸಿ ಅಂಚು ಕತ್ತರಿಸಬೇಕು. ಮೂವತ್ತೊಂದು ವರ್ಷದಲ್ಲಿ ಭಾವನ ಕೈಯಿಂದ ಒಂದು ಫಾರಂ ಹಿಂದುಮುಂದಾದ, ಒಂದು ಫಾರಂ ಬಿಟ್ಟುಹೋದ ಪುಸ್ತಕ ಹೊರಬಿದ್ದಿಲ್ಲ. ಹೆಬ್ಬೆರಳಲ್ಲಿ ಅಂಚು ಸವರಿದರೆ ಸಾಕು, ಎಷ್ಟು ಫಾರಂ ಇದೆ ಎಂದು ಹೇಳುತ್ತಿದ್ದರು. ಬೇರೆ ಯಾವ ಜಂಬವೂ ಇಲ್ಲದ ಮನುಷ್ಯನಿಗೆ ಅದೊಂದು ಜಂಬ ಇತ್ತು.

ಮಗಳು ಹುಟ್ಟಿದಳು. ಅವಳಿಗೆ ಕಿವಿ ಕೇಳಿಸುತ್ತಿತ್ತು. ಐದನೆಯ ವರ್ಷದಿಂದಲೇ ಅವಳು ಅಪ್ಪ ಅಮ್ಮನ ಕಿವಿ, ಬಾಯಿ, ಫೋನು ಎಲ್ಲವೂ ಆದಳು. ಕಚೇರಿಯ ಕಿಟಕಿ ಎಟುಕದಿದ್ದರೆ ಸ್ಟೂಲಿನ ಮೇಲೆ ನಿಂತು ಮಾತಾಡುವಳು. ಒಮ್ಮೆ ಹೆಡ್‌ಮಾಸ್ಟರು ಇವಳ ಮೇಲೆಯೇ ದೂರು ಹೇಳಲು ಅಪ್ಪ ಅಮ್ಮನನ್ನು ಕರೆಸಿದ್ದರು. ಕ್ಲಾಸಿನಲ್ಲಿ ಬಾಯಿ ಮುಚ್ಚುವುದೇ ಇಲ್ಲ ಎಂದು ಅವರು ಸಿಡಿಮಿಡಿಗೊಂಡರೆ, ಇವಳು ತಣ್ಣಗೆ ಅಪ್ಪನಿಗೆ ಕೈಯಲ್ಲಿ ಹೇಳಿದಳು: "ನಾನು ತುಂಬ ಚೂಟಿ ಅಂತೆ." ಭಾವ ಹೆಡ್‌ಮಾಸ್ಟರ ಕೈ ಹಿಡಿದು ಕುಲುಕಿಯೇ ಕುಲುಕಿದರು. ನಾನು ಪಕ್ಕದಲ್ಲಿದ್ದೆ. ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಿದ್ದೆ. ಆಮೇಲೂ ಆ ಕಥೆಯನ್ನು ಎಷ್ಟು ಜನರಿಗೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ.

ಈಗ ನಮ್ಮ ವಿಚಾರ ವೇದಿಕೆಗೆ ಬರೋಣ. ತಿಂಗಳಿಗೊಂದು ಭಾನುವಾರ ಸಂಜೆ ತತ್ತ್ವಜ್ಞಾನ, ವಿಜ್ಞಾನ, ಸಮಾಜ, ಸಂಸ್ಕೃತಿ ಇವುಗಳ ಮೇಲೆ ಉಪನ್ಯಾಸ. ನಿವೃತ್ತ ಅಧಿಕಾರಿಯೊಬ್ಬರು ಅಧ್ಯಕ್ಷರು. ಕೆಲಸದಲ್ಲಿದ್ದಾಗ ಫೈಲು ಮುಂದಕ್ಕೆ ಕಳಿಸದೆ ಕುಳಿತವರು, ನಿವೃತ್ತರಾದ ಮೇಲೆ ಮನುಕುಲವನ್ನೇ ಮುಂದಕ್ಕೆ ಕಳಿಸಲು ಹೊರಟಿದ್ದರು. ನೆರವು ಕೊಡುವ ಸಂಸ್ಥೆಯೊಂದು, ಕಿವುಡರಿಗೂ ತಿಳಿಯುವಂತೆ ವೇದಿಕೆಯ ಮೇಲೆ ಸನ್ನೆ ಮಾಡುವವರು ಇರಲೇಬೇಕು ಎಂದು ಷರತ್ತು ಹಾಕಿತು. ಅಧ್ಯಕ್ಷರು ನನ್ನನ್ನು ಕರೆದು, "ನಿಮ್ಮ ಮನೆ ಹುಡುಗಿ ಯಾರೋ ಕೈ ಆಡಿಸ್ತಾಳಂತಲ್ಲಮ್ಮ, ಬಂದು ಒಂದು ಪಕ್ಕ ನಿಂತ್ಕೊಳ್ಳೋಕೆ ಹೇಳಿ" ಎಂದರು. ನೋಡುವವರು ಯಾರಾದರೂ ಇದ್ದಾರೆಯೇ ಎಂಬ ಚಿಂತೆ ಅವರಿಗಿರಲಿಲ್ಲ. ಫೋಟೋದಲ್ಲಿ ಬಂದರೆ ಸಾಕಿತ್ತು.

ನನಗೆ ರೇಗಿತು. ಹೋಗಿ ಭಾವನಿಗೆ ಹೇಳಿದೆ. ಮರುತಿಂಗಳು ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಮ್ಮಂಥವರೇ ಐದು ಜನರನ್ನು ಕರೆದುಕೊಂಡು ಬಂದು ಮೊದಲ ಸಾಲಿನಲ್ಲಿ ಕುಳಿತರು. ಒಬ್ಬ ಬಡಗಿ, ಒಬ್ಬ ಬಣ್ಣ ಬಳಿಯುವವನು, ಲಾಂಡ್ರಿಯ ಗಂಡ ಹೆಂಡತಿ, ಒಬ್ಬ ಗಡಿಯಾರ ರಿಪೇರಿಯವನು. ನಲವತ್ತಾರನೆಯ ವಯಸ್ಸಿನಲ್ಲಿ ಭಾವ ಮೊದಲ ಬಾರಿಗೆ ಒಬ್ಬ ಪಂಡಿತನ ಮುಖ ನೋಡಿಕೊಂಡು, ಅವನು ಏನು ಹೇಳುತ್ತಿದ್ದಾನೆಂದು ತಿಳಿಯುವ ಹಾಗಾಯಿತು. ಅವರ ಕಣ್ಣು ಅರಳಿತು.

ವೇದಿಕೆಯ ಪಕ್ಕ ನಿಂತವಳು ಭಾವನ ಮಗಳು, ಆಗ ಇಪ್ಪತ್ತೈದರ ಹುಡುಗಿ. ಆ ದಿನ ಕೇಳಿದ್ದನ್ನು ಕೇಳಿದಂತೆಯೇ ಕೈಯಲ್ಲಿ ಹೇಳಿದಳು. ವಿಷಯ, 'ಕಾಲ, ಪ್ರಜ್ಞೆ ಮತ್ತು ಸಮಾಜ: ಒಂದು ಸಮಗ್ರ ನೋಟ'. ಒಂದೂಕಾಲು ಗಂಟೆ. "ಒಂದರ್ಥದಲ್ಲಿ ಕಾಲವೆನ್ನುವುದು ಪ್ರಜ್ಞೆಯೇ ಆಗಿದ್ದು, ಇನ್ನೊಂದರ್ಥದಲ್ಲಿ ಪ್ರಜ್ಞೆಯೆನ್ನುವುದು ಸಮಾಜವೇ ಆಗಿರುತ್ತದೆ" ಎನ್ನುವ ಧಾಟಿಯಲ್ಲಿ. ಆಗಿದ್ದು, ಆಗಿರುತ್ತದೆ, ಆಗಬೇಕಾಗಿದೆ. ಮುಗಿದಮೇಲೆ ಭಾವ ತಲೆ ತಗ್ಗಿಸಿಕೊಂಡು ಮಗಳ ಹತ್ತಿರ ಬಂದರು.

"ಏನೂ ಅರ್ಥ ಆಗ್ಲಿಲ್ಲ ಮಗಳೇ. ನಾನು ಸರಿಯಾಗಿ ಓದಿದ್ರೆ ಆಗ್ತಿತ್ತೋ ಏನೋ," ಎಂದು ಕೈಯಲ್ಲಿ ಹೇಳಿ, ಹೊರಟುಹೋದರು.

ಹುಡುಗಿ ಕುರ್ಚಿ ಎತ್ತಿಡುತ್ತಿದ್ದ ನನ್ನ ಹತ್ತಿರ ಬಂದು ಅಳತೊಡಗಿದಳು. "ಆ ಮನುಷ್ಯನ ತಲೇಲಿ ಏನೂ ಇರ್ಲಿಲ್ಲ ಚಿಕ್ಕಮ್ಮ. ಆದ್ರೆ ಅಪ್ಪ ತಾನೇ ದಡ್ಡ ಅಂದ್ಕೊಂಡು ಹೋದ್ರು."

ಅವಳಿಗೆ ಹಗಲು ಗ್ರಂಥಾಲಯದಲ್ಲಿ ಕೆಲಸ. ಪುಸ್ತಕ ಕೊಡುವುದು, ವಾಪಸ್ ತಗೊಳ್ಳುವುದು. ಆ ತಿಂಗಳಿಡೀ ಅವಳು ಕೊಡಲೂ ಇಲ್ಲ, ತಗೊಳ್ಳಲೂ ಇಲ್ಲ, ಕೂತು ಓದಿದಳು. ಮುಂದಿನ ಸಭೆಯ ವಿಷಯ 'ವಿಜ್ಞಾನ ಮತ್ತು ಮೌಲ್ಯಗಳ ಸಮನ್ವಯ'. ಬಂದ ಆಸಾಮಿ ತಾನು ಯಾವ ಯಾವ ದೇಶಕ್ಕೆ ಹೋಗಿದ್ದೆ, ವಿಮಾನ ನಿಲ್ದಾಣದಲ್ಲಿ ಯಾರು ಯಾರು ಹೂಗುಚ್ಛ ಹಿಡಿದು ಕಾದಿದ್ದರು ಎನ್ನುವುದನ್ನು ಬಿಚ್ಚಿಡುತ್ತಿದ್ದ. ಪಕ್ಕದಲ್ಲಿ ನಿಂತ ಹುಡುಗಿಯ ಕೈಗಳು ಬೇರೆಯೇ ಹೇಳುತ್ತಿದ್ದವು. ಭಾರದ ವಸ್ತು ಬೇಗ ಬೀಳುತ್ತದೆ, ಹಗುರದ್ದು ನಿಧಾನ ಎಂದು ನಾವೆಲ್ಲ ನಂಬಿದ್ದೇವೆ. ಸುಳ್ಳು. ಹಾಳೆಯನ್ನು ತಡೆಯುವುದು ಗಾಳಿ. ಒಂದು ದಪ್ಪ ಪುಸ್ತಕದ ಮೇಲೆ ಚಿಕ್ಕ ಹಾಳೆ ಇಟ್ಟು ಬೀಳಿಸಿ ನೋಡಿ, ಎರಡೂ ಒಟ್ಟಿಗೇ ನೆಲ ಮುಟ್ಟುತ್ತವೆ.

ನನ್ನ ಕೈಯಲ್ಲಿದ್ದ ಲೋಟ ಬೀಳುವುದೊಂದು ಬಾಕಿ. ಇಡೀ ಸಭಾಂಗಣದಲ್ಲಿ ಎರಡೂ ಭಾಷಣ ತಿಳಿಯುತ್ತಿದ್ದುದು ನನಗೊಬ್ಬಳಿಗೇ. ತಡೆಯಬಹುದಿತ್ತು. ತಡೆಯಲಿಲ್ಲ. ಪರದೆಯ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮಾರನೆಯ ದಿನ ಭಾವ ಪ್ರೆಸ್ಸಿನಲ್ಲಿ ಮೇಜು ಹತ್ತಿ ನಿಂತು ಲೆಡ್ಜರೊಂದರ ಮೇಲೆ ತುಂಡು ಹಾಳೆ ಇಟ್ಟು ಬೀಳಿಸಿದರು. ಒಟ್ಟಿಗೇ ಬಿತ್ತು. ಇನ್ನೊಮ್ಮೆ ಬೀಳಿಸಿದರು. ಹತ್ತು ಸಲ ಬೀಳಿಸಿದರು. ಪ್ರೆಸ್ಸಿನ ಮಾಲೀಕ ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡ. ಭಾವ ಆ ಸಂಜೆ ನಮ್ಮ ಮನೆಗೆ ಬಂದು, ನಾನು ಬೇಡಬೇಡವೆಂದರೂ ಪಾತ್ರೆಗಳನ್ನೆಲ್ಲ ಬೀಳಿಸಿ ತೋರಿಸಿದರು. "ಆ ಮನುಷ್ಯ ಎಂಥ ಜಾಣ!" ಎಂದು ಭಾಷಣಕಾರನನ್ನು ಹೊಗಳಿದರು. ನಾನು ಬಿದ್ದ ಪಾತ್ರೆಗಳನ್ನು ಎತ್ತಿಟ್ಟೆ.

ಹೀಗೆ ಶುರುವಾದದ್ದು ಎರಡು ವರ್ಷ ನಡೆಯಿತು. ಅಸ್ಮಿತೆಯ ಬಹುಮುಖಿ ಆಯಾಮಗಳ ಬಗ್ಗೆ ಒಬ್ಬರು ಕೊರೆಯುತ್ತಿದ್ದಾಗ ಹುಡುಗಿ ಅಪ್ಪನ ಕಸುಬನ್ನೇ ಎತ್ತಿಕೊಂಡಳು. ಹಳೆಯ ಪುಸ್ತಕವೊಂದು ರಿಪೇರಿಗೆ ಬರುತ್ತದೆ. ಈ ವರ್ಷ ದಾರ ಬದಲಾಯಿಸುತ್ತೀರಿ, ಮುಂದಿನ ವರ್ಷ ರಟ್ಟು, ಆಮೇಲೆ ಹರಿದ ಪುಟಗಳನ್ನು ಒಂದೊಂದಾಗಿ ಹೊಸದಾಗಿ ಅಚ್ಚು ಹಾಕಿಸಿ ಸೇರಿಸುತ್ತೀರಿ. ಹಳೆಯದೇನೂ ಉಳಿಯದಿದ್ದಾಗ ಅದು ಅದೇ ಪುಸ್ತಕವೋ, ಬೇರೆಯೋ? ಇನ್ನೊಮ್ಮೆ ಕೇಳಿದಳು: ಕಾವಲಿಗೆ ಯಾರೂ ಇಲ್ಲದಿದ್ದರೂ ಜನ ಸಾಲಿನಲ್ಲಿ ಯಾಕೆ ನಿಲ್ಲುತ್ತಾರೆ? ಕಾಯ್ದೆ ಇರುವುದು ಪುಸ್ತಕದಲ್ಲೋ, ಹಿಂದೆ ನಿಂತವನ ಕಣ್ಣಲ್ಲೋ? ಭಾಷಣ ಮುಗಿದಮೇಲೆ ಅವರೆಲ್ಲ ಮೆಟ್ಟಿಲ ಮೇಲೆ ನಿಂತು ಜಗಳವಾಡುವರು. ಅದೇ ಪುಸ್ತಕ ಎಂದು ಭಾವ, ಅಲ್ಲವೇ ಅಲ್ಲ ಎಂದು ಗಡಿಯಾರದವನು. ಕೈ ಬೀಸುವ ರಭಸಕ್ಕೆ ಲಾಂಡ್ರಿಯ ಹೆಂಗಸಿನ ಕನ್ನಡಕವೇ ಹಾರಿಬಿದ್ದಿತ್ತು ಒಮ್ಮೆ. ಬಾಗಿಲು ಹಾಕಬೇಕು, ಹೊರಡಿ ಎಂದು ನಾನು ಅಂಗಲಾಚಬೇಕಾಗುತ್ತಿತ್ತು.

ಆರು ಜನ ನಲವತ್ತಾದರು. ಕಿವಿ ಇದ್ದ ಶ್ರೋತೃಗಳು ಒಂಬತ್ತೋ ಹತ್ತೋ, ಅದರಲ್ಲೂ ಮೂವರು ಭಾಷಣಕಾರರ ಮನೆಯವರು, ಇಬ್ಬರು ಬಿಸ್ಕತ್ತಿಗೆ ಬಂದವರು. ಅಧ್ಯಕ್ಷರು ಉಬ್ಬಿ ಹೋದರು. "ನಮ್ಮ ಚಿಂತನೆ ಕಿವಿಯನ್ನೂ ದಾಟಿ ಹೃದಯಕ್ಕೆ ತಲುಪ್ತಾ ಇದೆ" ಎಂದು ಪತ್ರಿಕೆಗೆ ಹೇಳಿಕೆ ಕೊಟ್ಟರು. ಕಿವುಡರು ಪ್ರತಿಯೊಬ್ಬರಿಗೂ ಕೈಯಲ್ಲಿ ಒಂದು ಹೆಸರಿಡುತ್ತಾರೆ. ಅಧ್ಯಕ್ಷರಿಗೆ ಇಟ್ಟದ್ದು ಎರಡು ಬೆರಳಲ್ಲಿ ಗಂಟಲು ಸವರುವ ಹೆಸರು, ಮಾತಿಗೊಮ್ಮೆ ಕೆಮ್ಮುತ್ತಿದ್ದರಲ್ಲ, ಅದಕ್ಕೆ. ಅದನ್ನು ಗೌರವದಿಂದಲೇ ಸವರುತ್ತಿದ್ದರು, ಪಾಪ.

ಒಂದು ದಿನ ನಾನು ಹುಡುಗಿಯನ್ನು ಕೇಳಿದೆ, "ಇದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಯೋಚ್ನೆ ಮಾಡಿದ್ದೀಯೇನೇ?"

"ಯಾರಿಗೆ ಏನು ನಷ್ಟ ಚಿಕ್ಕಮ್ಮ? ಅಲ್ಲಿ ಜೊಳ್ಳು ಸುರೀತಾರೆ, ನಾನು ಕಾಳು ಕೊಡ್ತೀನಿ. ಅಪ್ಪ ಎಷ್ಟು ಖುಷಿಯಾಗಿದ್ದಾರೆ ನೋಡು."

ನಾನು ಕುರ್ಚಿ ಜೋಡಿಸಲು ಹೋದೆ. ಮಜಾ ನನಗೂ ಬೇಕಾಗಿತ್ತು.

ಎರಡು ವರ್ಷದ ಉಪನ್ಯಾಸಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಬೇಕೆಂದು ಅಧ್ಯಕ್ಷರಿಗೆ ಹೊಳೆಯಿತು. ಹೊಳೆಯದೆ ಇರುತ್ತದೆಯೇ? ಐನೂರು ಪ್ರತಿ. ಊರಲ್ಲಿ ಇರುವುದೇ ಒಂದು ಒಳ್ಳೆಯ ಪ್ರೆಸ್ಸು, ಕೆಲಸ ಅಲ್ಲಿಗೇ ಹೋಯಿತು. ಭಾವನ ಸಂಭ್ರಮ ಹೇಳತೀರದು. ಆ ನಲವತ್ತು ಜನಕ್ಕೂ ಹೇಳಿಬಂದರು: ನಾವು ಕೇಳಿದ್ದೆಲ್ಲ ಇನ್ನು ನಮ್ಮ ಕೈಯಲ್ಲೇ ಇರುತ್ತದೆ, ನಾನೇ ಹೊಲಿಯುತ್ತೇನೆ ಎಂದು. ಹುಡುಗಿಯ ಮುಖ ಬಿಳಿಚಿತು. "ಅಪ್ಪ ಹೊಲೀತಾರೆ ಅಷ್ಟೇ, ಓದೋಕೆ ಕೂರಲ್ಲ" ಎಂದು ನನಗೂ ಹೇಳಿದಳು, ತನಗೂ ಹೇಳಿಕೊಂಡಳು.

ಭಾವ ಓದಲು ಕೂತರು. ಊಟದ ಬಿಡುವಿನಲ್ಲಿ, ಫಾರಂ ಜೋಡಿಸುತ್ತ, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ಬೀಳುವ ಪುಸ್ತಕ, ಹಾಳೆ ಎಲ್ಲೂ ಇಲ್ಲ. ಸಾಲಿನಲ್ಲಿ ನಿಂತವರು ಇಲ್ಲ. ದಾರ ಬದಲಾದ ಪುಸ್ತಕ ಇಲ್ಲ. ಆಗಿದ್ದು, ಆಗಿರುತ್ತದೆ, ಆಗಬೇಕಾಗಿದೆ ಎಂದು ಮುನ್ನೂರ ಇಪ್ಪತ್ತು ಪುಟ. ಬೇರೆ ಯಾರಾದರೂ ಆಗಿದ್ದರೆ ಏನೆಂದುಕೊಳ್ಳುತ್ತಿದ್ದರೋ! ಬೈಂಡರನಾದ ನನ್ನ ಭಾವನಿಗೆ ಹೊಳೆದದ್ದು ಒಂದೇ. ಫಾರಂ ಬಿಟ್ಟುಹೋಗಿದೆ!

ಪುಟಸಂಖ್ಯೆ ನೋಡಿದರು, ಸರಿಯಾಗಿತ್ತು. ಅದರಿಂದ ಅವರಿಗೆ ಸಮಾಧಾನವಾಗಲಿಲ್ಲ. ಸಂಖ್ಯೆ ಹಾಕುವ ಮೊದಲೇ ಯಾರೋ ಅವಸರದಲ್ಲಿ ಮುಖ್ಯವಾದ ಪುಟಗಳನ್ನೆಲ್ಲ ಕೈಬಿಟ್ಟಿದ್ದಾರೆ ಎಂದು ತೀರ್ಮಾನಿಸಿದರು. ಆಗಲೇ ಎಂಬತ್ತು ಪ್ರತಿ ಹೊಲಿದಾಗಿತ್ತು. ಬ್ಲೇಡು ತೆಗೆದುಕೊಂಡು ಎಂಬತ್ತರ ದಾರವನ್ನೂ ಕತ್ತರಿಸಿ ಬಿಚ್ಚಿಹಾಕಿದರು. ಮಾಲೀಕನ ಮುಂದೆ ಚೀಟಿ ಹಿಡಿದರು: 'ಪುಟ ಇಲ್ಲ. ಪುಟ ಬರುವವರೆಗೆ ಹೊಲಿಯುವುದಿಲ್ಲ.'

ಭಾನುವಾರ ಪುಸ್ತಕ ಬಿಡುಗಡೆ, ಅಂದು ಗುರುವಾರ. ಮಾಲೀಕ ಕೆಂಡವಾದ. ಭಾವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ನೇರ ಸಭಾಂಗಣಕ್ಕೆ ಬಂದ. ಹುಡುಗಿ ನನ್ನ ಜೊತೆ ಕುರ್ಚಿಗೆ ನಂಬರು ಅಂಟಿಸುತ್ತಿದ್ದಳು.

"ನೋಡಮ್ಮ, ನಿಮ್ಮಪ್ಪನಿಗೆ ಹೇಳು. ಒಂದು ಪುಟಾನೂ ಬಿಟ್ಟಿಲ್ಲ. ಎಂಬತ್ತು ಪುಸ್ತಕ ಹಾಳು ಮಾಡಿದ್ದಾರೆ. ತಪ್ಪಾಯ್ತು ಅಂತ ಒಪ್ಕೊಂಡು ಹೊಲಿದುಕೊಟ್ರೆ ಸರಿ, ಇಲ್ದಿದ್ರೆ ನಾಳೆಯಿಂದ ಬರೋದೇ ಬೇಡ," ಎಂದ.

ಹುಡುಗಿ ಅಪ್ಪನ ಕಡೆ ತಿರುಗಿ, "ಮಾಲೀಕರು ಪುಟ ಹುಡುಕ್ತಾರಂತೆ, ಅಲ್ಲೀವರೆಗೆ ಇದ್ದಷ್ಟನ್ನ ಹೊಲೀಬೇಕಂತೆ" ಎಂದು ಕೈಯಲ್ಲಿ ಹೇಳಿದಳು.

ಭಾವನ ಕೈಗಳು ಗಾಳಿಯನ್ನು ಸೀಳಿದವು. "ಮೂವತ್ತೊಂದು ವರ್ಷ ನನ್ನ ಕೈ ತಪ್ಪಿಲ್ಲ. ಈ ಪುಸ್ತಕ ಕಳ್ಳ ಪುಸ್ತಕ. ಒಳ್ಳೇದನ್ನೆಲ್ಲ ತೆಗೆದು ಹೊಟ್ಟು ತುಂಬಿದ್ದಾರೆ. ಇದಕ್ಕೆ ನಾನು ಸೂಜಿ ಹಾಕಲ್ಲ ಅಂತ ಹೇಳು."

ಹುಡುಗಿ ಮಾಲೀಕನ ಕಡೆ ತಿರುಗಿದಳು. "ತಪ್ಪಾಯ್ತಂತೆ ಸಾರ್. ವಯಸ್ಸಾಯ್ತು, ಕಣ್ಣು ಸರಿ ಕಾಣ್ತಿಲ್ಲ, ಎಣಿಕೆ ತಪ್ಪಿತು, ಕ್ಷಮಿಸಬೇಕು ಅಂತಿದ್ದಾರೆ."

ಮಾಲೀಕನ ಮುಖ ಮೆತ್ತಗಾಯಿತು. ಭಾವನ ಭುಜ ತಟ್ಟಿ, "ಹೋಗ್ಲಿ ಬಿಡಿ" ಎಂದು ನಕ್ಕ.

ಅಲ್ಲೇ ಕೆಟ್ಟಿತು. ಜೀವಮಾನವಿಡೀ ಮುಖ ಓದಿಕೊಂಡು ಬದುಕಿದ ಮನುಷ್ಯನಿಗೆ ಇಷ್ಟೂ ತಿಳಿಯದೇ? ಭಾವ ತಟ್ಟಿದ ಕೈಯನ್ನು ನೋಡಿದರು, ಮಗಳನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ನಾನು ಬೈದೆ. ಅವನು ಯಾಕೆ ನಗ್ತಾನೆ? ನೀನು ಹೇಳು. ಇವಳು ಏನಂದಳು?"

ಹುಡುಗಿ ಬೇಡ ಎಂದು ಕಣ್ಣಲ್ಲೇ ಬೇಡುತ್ತಿದ್ದಳು. ಎದುರಿಗೆ ನಿಂತ ಮನುಷ್ಯನ ಮೂವತ್ತೊಂದು ವರ್ಷದ ಮರ್ಯಾದೆಯನ್ನು, ಅವರಿಗೇ ಗೊತ್ತಿಲ್ಲದೆ, ಅವರ ಮಗಳೇ ತಪ್ಪೊಪ್ಪಿ ಕೊಟ್ಟುಬಿಟ್ಟಿದ್ದಳು. ಕೊನೆಗೆ ಹೇಳಿದೆ. ಎಣಿಕೆ ತಪ್ಪಿತು, ಕಣ್ಣು ಕಾಣುವುದಿಲ್ಲ ಎಂದು ನಿಮ್ಮ ಹೆಸರಲ್ಲಿ ಕ್ಷಮೆ ಕೇಳಿದಳು ಎಂದೆ. ಪುಟ ಯಾವುದೂ ಬಿಟ್ಟಿಲ್ಲ ಭಾವ, ಆ ಮಾತುಗಳನ್ನು ಆ ಜನ ಆಡಲೇ ಇಲ್ಲ, ಎರಡು ವರ್ಷ ನೀವು ಕೇಳಿದ್ದೆಲ್ಲ ಇವಳದ್ದೇ ಎಂದೆ.

ಭಾವ ಕುರ್ಚಿಯ ಮೇಲೆ ಕುಳಿತರು. ಖುಷಿಪಡುತ್ತಾರೆ, ಮಗಳು ಇಷ್ಟು ಜಾಣೆಯೇ ಎಂದು ಬೀಗುತ್ತಾರೆ ಎಂದು ನನ್ನೊಳಗೆ ಎಲ್ಲೋ ಒಂದು ದಡ್ಡ ಆಸೆ ಇತ್ತು.

"ನಿನ್ನ ಅಮ್ಮ ಉಳಿಯಲ್ಲ ಅಂತ ಡಾಕ್ಟರ್ ನಿನಗೆ ಹೇಳಿದ್ರು," ಎಂದರು ಮಗಳಿಗೆ, ನಿಧಾನವಾಗಿ, ಒಂದೊಂದೇ ಕೈ ಎತ್ತಿ. "ನೀನು ನನಗೆ ಬರೀ ಸುಸ್ತು ಅಂದೆ, ಎರಡು ದಿನದಲ್ಲಿ ಮನೆಗೆ ಕಳಿಸ್ತಾರೆ ಅಂದೆ. ಅವಳು ಬರ್ತಾಳೆ ಅಂತ ನಾನು ಮನೆಗೆ ಹೋಗಿ ಗೋಡೆಗೆ ಬಣ್ಣ ಬಳೀತಿದ್ದೆ. ನಾನು ಬಣ್ಣ ಬಳೀತಿರುವಾಗ ಅವಳು ಹೋದಳು. ಅವತ್ತು ನಿನಗೆ ಹತ್ತೊಂಬತ್ತು, ಏನೂ ಅನ್ನಲಿಲ್ಲ. ಈಗ ನಿನಗೆ ಇಪ್ಪತ್ತೇಳು." ನನ್ನ ಕಡೆಗೂ ತಿರುಗಿದರು. "ನೀನೂ ಅವತ್ತು ಅಲ್ಲೇ ಇದ್ದೆ."

ಇದ್ದೆ. ಡಾಕ್ಟರು ಹೇಳುವಾಗ ನಾನೂ ಪಕ್ಕದಲ್ಲಿದ್ದೆ. ಹೇಳಬೇಡವೇ, ತಡೆಯಲಾರರು ಎಂದು ಹುಡುಗಿಗೆ ಹೇಳಿಕೊಟ್ಟವಳೂ ನಾನೇ. ಭಾಷಣಕಾರರನ್ನು ಇಷ್ಟು ಹೊತ್ತು ಆಡಿಕೊಂಡೆನಲ್ಲ, ಅವರು ಜೊಳ್ಳು ಮಾತಾಡಿ ಜನರ ಒಂದು ಸಂಜೆಯನ್ನು ಕೆಡಿಸಿದರು, ಅಷ್ಟೆ. ನಾನು ಒಬ್ಬ ಗಂಡನಿಗೆ ಹೆಂಡತಿಯ ಕೊನೆಯ ಎರಡು ದಿನ ಇಲ್ಲದ ಹಾಗೆ ಮಾಡಿದ್ದೆ. ಥೂ ನನ್ನ ಜನ್ಮಕ್ಕೆ.

"ನೀವು ದಡ್ಡರು ಅಂದ್ಕೊಂಡು ಮನೆಗೆ ಹೋದ್ರಿ ಅಪ್ಪ, ನನ್ನ ಕೈಲಿ ನೋಡೋಕಾಗ್ಲಿಲ್ಲ," ಎಂದಳು ಹುಡುಗಿ.

"ಹಾಗಿದ್ರೆ ಆ ಮನುಷ್ಯ ಜೊಳ್ಳು ಅಂತ ನನಗೆ ಹೇಳ್ಬೇಕಿತ್ತು. ಇದು ನನ್ನ ಮಾತು ಅಂತ ಹೇಳಿದ್ರೆ ನಿನ್ನ ಮಾತನ್ನ ನಾನು ಇನ್ನೂ ಚೆನ್ನಾಗಿ ಕೇಳ್ತಿದ್ದೆ. ಶಾಲೇಲಿ ಮೇಷ್ಟ್ರು ತೀರ್ಮಾನ ಮಾಡಿದ್ರು ನನಗೆ ಏನು ಗೊತ್ತಾಗ್ಬೇಕು ಅಂತ. ಆಮೇಲೆ ಡಾಕ್ಟರ್. ಆಮೇಲೆ ನೀನು. ನನಗೆ ಕಿವಿ ಇಲ್ಲ, ಬುದ್ಧಿ ಇದೆ. ಜೊಳ್ಳಾದ್ರೆ ಜೊಳ್ಳನ್ನೇ ಕೊಡು. ತೂರಿ ನೋಡೋನು ನಾನು." ಎದ್ದು ನಿಂತರು. "ಈಗ ಇವನಿಗೆ ಹೇಳು. ನಾನು ಹೇಳಿದ್ದನ್ನೇ ಹೇಳು."

ಹುಡುಗಿ ಮಾಲೀಕನಿಗೆ ಹೇಳಿದಳು. ಅಪ್ಪನ ಕಣ್ಣೂ ಸರಿಯಿದೆ, ಎಣಿಕೆಯೂ ಸರಿಯಿದೆ, ಸುಳ್ಳು ಹೇಳಿದ್ದು ನಾನು ಎಂದು. ಮಾಲೀಕನಿಗೆ ತಲೆಬುಡ ಅರ್ಥವಾಗಲಿಲ್ಲ. "ಅದೆಲ್ಲ ನಿಮ್ಮ ಮನೆ ವಿಷಯ, ಭಾನುವಾರಕ್ಕೆ ಪುಸ್ತಕ ಸಿಗುತ್ತೋ ಇಲ್ವೋ?" ಎಂದ. ಸಿಗುತ್ತದೆ ಎಂದರು ಭಾವ. ಬಿಚ್ಚಿದ ಎಂಬತ್ತನ್ನೂ ಮಿಕ್ಕ ನಾನೂರಿಪ್ಪತ್ತನ್ನೂ ಹೊಲಿದುಕೊಟ್ಟರು. ಮೂರು ದಿನ ಮಗಳ ಕಡೆ ತಿರುಗಿ ನೋಡಲಿಲ್ಲ. ಕೈಮಾತಿನ ಮನೆಯಲ್ಲಿ ಮುಖ ತಿರುಗಿಸಿದರೆ ಬಾಗಿಲು ಹಾಕಿದ ಹಾಗೆಯೇ. ಹುಡುಗಿ ಊಟ ಬಿಟ್ಟಳು.

ಭಾನುವಾರ ನಲವತ್ತು ಜನವೂ ಬಂದರು. ಭಾವ ಅವರಿಗೆ ಯಾರಿಗೂ ಏನೂ ಹೇಳಿರಲಿಲ್ಲ. ಅಧ್ಯಕ್ಷರು ಪುಸ್ತಕ ಬಿಡುಗಡೆ ಮಾಡಿ, ಹಿಡಿದೆತ್ತಿ, ಫೋಟೋಗೆ ನಿಂತು, ಗಂಟಲು ಸರಿಮಾಡಿಕೊಂಡು 'ಮನುಕುಲದ ಮುನ್ನಡೆ' ಎಂಬ ಭಾಷಣ ಶುರುಮಾಡಿದರು. ಹುಡುಗಿ ಪಕ್ಕದಲ್ಲಿ ನಿಂತು ಅವರು ಹೇಳಿದ್ದನ್ನೇ ಹೇಳಿದಳು. ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಡಿಮೆಯಿಲ್ಲ. ಒಂದರ್ಥದಲ್ಲಿ ಮುನ್ನಡೆ ಎನ್ನುವುದು ಹಿನ್ನಡೆಯೂ ಹೌದು ಎಂದರು, ಹೇಳಿದಳು. ಆದರೂ ಮುನ್ನಡೆಯೇ ಎಂದರು, ಹೇಳಿದಳು. ಕೆಮ್ಮಿದರು, ಅದನ್ನೂ ಹೇಳಿದಳು. ಹತ್ತು ನಿಮಿಷದಲ್ಲಿ ಸಾಲುಗಳಲ್ಲಿ ಕೈಗಳು ಚಡಪಡಿಸತೊಡಗಿದವು. ಹುಡುಗಿಗೆ ಜ್ವರವೇ ಎಂದು ಲಾಂಡ್ರಿಯ ಹೆಂಗಸು ಕೇಳಿದಳು. ಗಡಿಯಾರದವನು ಕನ್ನಡಕ ಒರೆಸಿ ಒರೆಸಿ ಹಾಕಿಕೊಂಡ. ಬಡಗಿ ಬಾಯಿ ಬಿಟ್ಟು ಆಕಳಿಸಿದ. ಭಾವ ಮಾತ್ರ ಅಲುಗದೆ ಕುಳಿತು ಪೂರ್ತಿ ನೋಡಿದರು. ಮಗಳ ಕೈಯಿಂದ ಕಣ್ಣು ಕೀಳಲಿಲ್ಲ.

ಐವತ್ತು ನಿಮಿಷ. ನಾಲ್ಕು ಲೋಟ ನೀರು. ಕೊನೆಗೆ, "ಪ್ರಶ್ನೆಗಳಿದ್ದರೆ ಕೇಳಬಹುದು" ಎಂದರು ಅಧ್ಯಕ್ಷರು. ಯಾರೂ ಕೇಳುವುದಿಲ್ಲವೆಂದು ಅವರಿಗೆ ಗೊತ್ತು, ಅದಕ್ಕೇ ಹಾಗೆ ಹೇಳುತ್ತಾರೆ. ಭಾವ ಎದ್ದು ನಿಂತರು. ಹುಡುಗಿ ಮೈಕಿನ ಹತ್ತಿರ ಹೋದಳು. ಅಪ್ಪನ ಕೈ ಮಾತಾಡಿತು, ಅವಳ ಬಾಯಿ ಅದನ್ನು ಸಭೆಗೆ ಹೇಳಿತು.

"ನಾನು ಈ ಪುಸ್ತಕವನ್ನು ಹೊಲಿದವನು. ಎಂಬತ್ತನ್ನು ಎರಡು ಸಲ ಹೊಲಿದೆ. ಪುಟ ಬಿಟ್ಟುಹೋಗಿದೆ ಅಂತ ಕೆಲಸ ನಿಲ್ಲಿಸಿದ್ದೆ. ಬಿಟ್ಟುಹೋಗಿರಲಿಲ್ಲ. ನೀವು ಹೇಳಿದ್ದೇ ಅಷ್ಟು. ಇವತ್ತು ಮೊದಲಿಂದ ಕೊನೆವರೆಗೂ ನೋ‌ಡಿದೆ. ನೀವು ಏನೂ ಹೇಳಲಿಲ್ಲ. ಅರ್ಥ ಆಗದೆ ಇದ್ದದ್ದು ನನ್ನ ದಡ್ಡತನದಿಂದ ಅಲ್ಲ."

ಅಧ್ಯಕ್ಷರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಬಿಸ್ಕತ್ತಿಗೆ ಬಂದವರು ಬಿಸ್ಕತ್ತು ನುಂಗುವುದನ್ನು ಮರೆತರು. ಭಾವ ಇನ್ನೂ ಕೈ ಇಳಿಸಿರಲಿಲ್ಲ. ಒಮ್ಮೆ ಆ ನಲವತ್ತು ಜನರ ಕಡೆ ತಿರುಗಿ, ಅವರಿಗೂ ಕಾಣುವಂತೆ ಪಕ್ಕಕ್ಕೆ ನಿಂತು ಮುಂದುವರಿಸಿದರು. ಹುಡುಗಿ ನೋಡಿದಳು. ಅವಳ ಬಾಯಿ ತೆರೆಯಲಿಲ್ಲ.

ಸಭೆ ಕಾಯಿತು. ಭಾವ ಮತ್ತೊಮ್ಮೆ ಹೇಳಲಿಲ್ಲ, ಗದರಲಿಲ್ಲ. ಕೈ ಕಟ್ಟಿ ನಿಂತು ಮಗಳ ತುಟಿ ನೋಡುತ್ತಿದ್ದರು. ಅವಳು ಬೇರೆ ಏನಾದರೂ ಹೇಳಿದರೆ ಅಲ್ಲಿ ತಿಳಿಯುವುದು ನನಗೊಬ್ಬಳಿಗೇ. ನಾನು ಸ್ವಿಚ್ ಬೋರ್ಡು ಬಿಟ್ಟು ನಡುದಾರಿಗೆ ಬಂದು, ಅವಳಿಗೆ ಕಾಣುವ ಹಾಗೆ ನಿಂತೆ. ಹೇಳು ಎಂದೆ.

"ನನ್ನ ಮಗಳು," ಎಂದಳು ಹುಡುಗಿ ಮೈಕಿನಲ್ಲಿ. ಧ್ವನಿ ಒಡೆಯಿತು. ಮತ್ತೆ ಶುರುಮಾಡಿದಳು. "ನನ್ನ ಮಗಳು ಎರಡು ವರ್ಷ ನಮಗೆಲ್ಲ ಸುಳ್ಳು ಹೇಳಿದಳು. ಇಲ್ಲಿ ಬಂದವರು ಹೇಳದೆ ಇದ್ದದ್ದನ್ನು ಅವರೇ ಹೇಳಿದರು ಅಂತ ಹೇಳಿದಳು. ನಿಮ್ಮ ನಿಜಕ್ಕಿಂತ ಅವಳ ಸುಳ್ಳು ಚೆನ್ನಾಗಿತ್ತು. ಆದರೂ ಅದು ಸುಳ್ಳು. ಇವತ್ತು ಅವಳು ನನಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾಳೆ. ಇದೂ ಹಾಗೇ ನಿಮಗೆ ತಲುಪಿದ್ದರೆ, ಅವಳ ಮೇಲೆ ನನಗೆ ಕೋಪ ಇಲ್ಲ."

ಭಾವ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ತಲುಪಿದೆ ಭಾವ, ಒಂದು ಅಕ್ಷರ ಬಿಟ್ಟಿಲ್ಲ ಎಂದೆ. ಅವರು ಕುಳಿತರು. ಹುಡುಗಿ ಅಂಗೈಯಲ್ಲಿ ಮುಖ ಒರೆಸಿಕೊಂಡು ಕೈಗಳನ್ನು ಮತ್ತೆ ಎದೆಯೆತ್ತರಕ್ಕೆ ತಂದಳು.

ಅಧ್ಯಕ್ಷರು ಮೈಕನ್ನು ತಮ್ಮ ಕಡೆ ಎಳೆದುಕೊಂಡು, "ಬಹಳ ಮೌಲಿಕವಾದ ಅಭಿಪ್ರಾಯ. ಇನ್ನು ಯಾರಿಗಾದರೂ ಪ್ರಶ್ನೆ ಇದೆಯೇ?" ಎಂದರು. ಹುಡುಗಿ ಅದನ್ನು ಹಾಗೆಯೇ ಹೇಳಿದಳು. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಎಲ್ಲರೂ ಕೈ ಎತ್ತಿದರು.